ಕೇಳಿಸಿಕೊಂಡವರು ಹೇಳಲೇಬೇಕಾದ ಮಾತು

ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮನೋವೈದ್ಯರು ಬರುವ ದಿನವನ್ನು ಕಲ್ಪಿಸಿಕೊಳ್ಳಿ. ಊರು ಕಡೂರು ಎಂದಿಟ್ಟುಕೊಳ್ಳೋಣ. ತರೀಕೆರೆ ಅಥವಾ ಅಜ್ಜಂಪುರ ಎಂದುಕೊಂಡರೂ ಕತೆಯೇನೂ ಬದಲಾಗುವುದಿಲ್ಲ. ತಾಯಿಯೊಬ್ಬಳು ಹನ್ನೆರಡು ವರ್ಷದ ಮಗಳನ್ನು ಕರೆತಂದಿದ್ದಾಳೆ. ಹುಡುಗಿಗೆ ಮೂರು ತಿಂಗಳಿಂದ ಹೊಟ್ಟೆನೋವು, ಶಾಲೆಗೆ ಹೋಗಲು ಹಟ, ರಾತ್ರಿ ಬೆಚ್ಚಿ ಏಳುವುದು. ಸ್ಕ್ಯಾನಿಂಗ್ ಆಗಿದೆ, ಜಂತುಹುಳುವಿನ ಮಾತ್ರೆ ಆಗಿದೆ, ದೇವಸ್ಥಾನದಲ್ಲಿ ತಾಯಿತ ಕಟ್ಟಿಸಿದ್ದೂ ಆಗಿದೆ. ವೈದ್ಯರು ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯೊಡನೆ ಮಾತಿಗೆ ಕೂರುತ್ತಾರೆ. ಅವಳಿಗೆ ಧೈರ್ಯ ಬರಲೆಂದು, ‘ನೀನು ಏನು ಹೇಳಿದರೂ ಅದು ನಮ್ಮಿಬ್ಬರಲ್ಲೇ ಇರುತ್ತೆ ಪುಟ್ಟಾ’ ಎನ್ನುತ್ತಾರೆ. ಬಹಳ ಹೊತ್ತು ಸುಮ್ಮನಿದ್ದ ಹುಡುಗಿ ಕೊನೆಗೆ ಬಾಯಿಬಿಡುತ್ತಾಳೆ. ಮನೆಯಲ್ಲೇ ಇರುವ ಸೋದರಮಾವನ ವಿಷಯ.

ವೈದ್ಯರು ಕೊಟ್ಟ ಮಾತು ಮುರಿಯುವುದು ಈ ಕ್ಷಣದಲ್ಲಿ. ಕಾನೂನಿನ ಪ್ರಕಾರ ಅವರು ಇದನ್ನು ಪೊಲೀಸರಿಗೆ ತಿಳಿಸಲೇಬೇಕು. ಹುಡುಗಿ ಬೇಡವೆಂದರೂ ತಿಳಿಸಬೇಕು, ತಾಯಿ ಕಾಲು ಹಿಡಿದುಕೊಂಡರೂ ತಿಳಿಸಬೇಕು. ತಾಯಿ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಡಾಕ್ಟ್ರೇ, ಔಷಧಿ ಕೊಡಿ ಸಾಕು. ನಮ್ಮ ಅಣ್ಣನಿಗೆ ನಾನೇ ಬುದ್ಧಿ ಹೇಳ್ತೀನಿ. ಇದು ಹೊರಗೆ ಹೋದ್ರೆ ನಾವು ಊರಲ್ಲಿ ತಲೆ ಎತ್ತೋಕಾಗಲ್ಲ.’

ಈ ತಾಯಿ, ಮಗಳು, ವೈದ್ಯ ಯಾರೂ ನಿಜವಾದ ವ್ಯಕ್ತಿಗಳಲ್ಲ. ಆದರೆ ಇಂಥ ಸಂದರ್ಭ ಕಲ್ಪನೆಯೂ ಅಲ್ಲ. ದೇಶದ ಅಪರಾಧ ದಾಖಲೆಗಳನ್ನು ನೋಡಿದರೆ, ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಯದವರೇ. ನಮ್ಮಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದೆ. ಇಲ್ಲಿನ ಕಷ್ಟವೆಂದರೆ ಹೊಲಕ್ಕೆ ಆ ಬೇಲಿ ಬಿಟ್ಟರೆ ಬೇರೆ ಆಸರೆಯೂ ಇರುವುದಿಲ್ಲ.

ಕಾನೂನು ಹೇಳುವುದೇನು?

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಎಲ್ಲರೂ ಪೋಕ್ಸೊ ಎಂದು ಕರೆಯುವ ಕಾಯ್ದೆ, 2012ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು ಅದೇ ವರ್ಷ ನವೆಂಬರ್ 14ರ ಮಕ್ಕಳ ದಿನದಂದು ಜಾರಿಗೆ ಬಂತು. ಅದರ 19ನೆಯ ಸೆಕ್ಷನ್ ಹೀಗೆ ವಿಧಿಸುತ್ತದೆ: ಹದಿನೆಂಟು ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ಗೊತ್ತಿರುವ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ಅದನ್ನು ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೆಯ ಸೆಕ್ಷನ್ನಿನಂತೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನ ನೌಕರನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಮಗುವಿಗೆ ಮಾತ್ರ ಈ ಶಿಕ್ಷೆಯಿಲ್ಲ. ಸದ್ಭಾವನೆಯಿಂದ ತಿಳಿಸಿದವರ ಮೇಲೆ, ಮುಂದೆ ಆರೋಪ ರುಜುವಾತಾಗದೇ ಹೋದರೂ, ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಮೊಕದ್ದಮೆ ಹೂಡುವಂತಿಲ್ಲ.

‘ಯಾವುದೇ ವ್ಯಕ್ತಿ’ ಎಂಬ ಮಾತನ್ನು ಗಮನಿಸಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ವೈದ್ಯರು, ಶಿಕ್ಷಕರು, ಸಮಾಲೋಚಕರು ಎಂದು ಪಟ್ಟಿ ಮಾಡಿ ಅವರಿಗೆ ಮಾತ್ರ ಈ ಹೊಣೆ ಹೊರಿಸಿದ್ದಾರೆ. ನಮ್ಮ ಕಾಯ್ದೆ ಇಡೀ ಊರಿಗೇ ಹೊರಿಸಿದೆ. ಮನೋವೈದ್ಯ, ಆಪ್ತಸಮಾಲೋಚಕ, ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಪಕ್ಕದ ಮನೆಯವರು, ಕೊನೆಗೆ ಆ ತಾಯಿ ಕೂಡ ಇದರಲ್ಲಿ ಬರುತ್ತಾಳೆ. ಇನ್ನೊಂದು ಅಂಶ ಅನೇಕರಿಗೆ ತಿಳಿದಿಲ್ಲ. ಎಲ್ಲರ ಮೇಲೂ ಬೀಳುವ ಈ ಕಡ್ಡಾಯ ಲೈಂಗಿಕ ಅಪರಾಧಕ್ಕೆ ಮಾತ್ರ ಸಂಬಂಧಿಸಿದ್ದು. ಮಗುವನ್ನು ಬರೆ ಬರುವಂತೆ ಹೊಡೆಯುವುದು, ಉಪವಾಸ ಕೆಡವುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಶಿಕ್ಷಾರ್ಹ ಅಪರಾಧವೇನೋ ಹೌದು. ಅದನ್ನು ಕಂಡವರು ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತರಬಹುದು. ಆದರೆ ತರದಿದ್ದರೆ ಜೈಲು ಎಂಬ ಬೆದರಿಕೆ ಅಲ್ಲಿಲ್ಲ. ಮುರಿದ ಕೈಯನ್ನು ನೋಡಿ ಸುಮ್ಮನಿರುವ ಸ್ವಾತಂತ್ರ್ಯ ಇನ್ನೂ ಉಳಿದಿದೆ ಎಂದರೆ ಕಹಿಯೆನಿಸಬಹುದು, ಆದರೆ ಸ್ಥಿತಿ ಅದೇ.

ಚಿಕಿತ್ಸಕರು ಗುಟ್ಟು ಕಾಯಬೇಕಲ್ಲವೇ ಎಂದು ಕೇಳಬಹುದು. ಕಾಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದೇ ಸಾರಿದೆ. ಆದರೆ ಬೇರೊಬ್ಬರನ್ನು ಹಾನಿಯಿಂದ ಕಾಪಾಡಲು ಅಗತ್ಯವಾದಷ್ಟು ಮಾಹಿತಿಯನ್ನು ಹೊರಗೆ ಕೊಡಬಹುದೆಂದು ಅದೇ ಕಾಯ್ದೆ ಬಾಗಿಲು ತೆರೆದಿಟ್ಟಿದೆ. ಇದರ ಜೊತೆಗೆ ಇನ್ನೊಂದು ವಿಚಿತ್ರವೂ ಇದೆ. ಕಕ್ಷಿದಾರ ವಕೀಲನಿಗೆ ಹೇಳಿದ ಮಾತಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಹಿಂದಿನಿಂದಲೂ ರಕ್ಷಣೆಯಿದೆ, 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ರೋಗಿ ವೈದ್ಯನಿಗೆ ಹೇಳಿದ್ದಕ್ಕೆ ಅಂಥ ರಕ್ಷಣೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕೇಳಿಯೂ ನಂಬದ ಕಾಲ

ವೈದ್ಯನ ಮೌನಕ್ಕೆ ಬಹಳ ಹಳೆಯ ಗೌರವವಿದೆ. ಗ್ರೀಸಿನ ಹಿಪಾಕ್ರಟಿಸನ ಹೆಸರಿನ ಪ್ರತಿಜ್ಞೆ ಎಲ್ಲರಿಗೂ ಗೊತ್ತು. ನಮ್ಮ ಚರಕ ಸಂಹಿತೆಯ ವಿಮಾನಸ್ಥಾನದಲ್ಲೂ ಗುರು ಶಿಷ್ಯನಿಗೆ ಕೊಡುವ ಉಪದೇಶದಲ್ಲಿ, ರೋಗಿಯ ಮನೆಯೊಳಗಿನ ನಡೆನುಡಿಯನ್ನು ಹೊರಗೆ ಆಡಬಾರದೆಂಬ ಕಟ್ಟಳೆಯಿದೆ. ಮನೆಯ ಒಳಗೆ ನಡೆಯುವುದು ಮನೆಯವರದ್ದು ಎಂಬ ತಿಳಿವಳಿಕೆಯ ಮೇಲೆ ನಿಂತ ಮರ್ಯಾದೆ ಅದು. ಮನೆಯೇ ಮಗುವಿಗೆ ಅಪಾಯದ ಜಾಗವಾದಾಗ ಏನು ಮಾಡಬೇಕೆಂಬ ಪ್ರಶ್ನೆಯನ್ನು ಹಳಬರು ಎತ್ತಿದಂತೆ ಕಾಣುವುದಿಲ್ಲ.

ಪ್ಯಾರಿಸಿನ ನ್ಯಾಯವೈದ್ಯ ಆಂಬ್ರೋಯ್ಸ್ ತಾರ್ದ್ಯೂ 1860ರಲ್ಲಿ, ಹೆತ್ತವರ ಕೈಯಲ್ಲೇ ನಲುಗಿದ ಮಕ್ಕಳ ಬಗ್ಗೆ ವಿವರವಾಗಿ ಬರೆದ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1896ರಲ್ಲಿ ವಿಯೆನ್ನಾದ ವೈದ್ಯರ ಸಭೆಯಲ್ಲಿ ಸಿಗ್ಮಂಡ್ ಫ್ರಾಯ್ಡ್, ತನ್ನ ಬಳಿ ಬಂದ ಹದಿನೆಂಟು ರೋಗಿಗಳ ಉನ್ಮಾದದ ಬೇರು ಬಾಲ್ಯದ ಲೈಂಗಿಕ ದೌರ್ಜನ್ಯದಲ್ಲಿದೆ ಎಂದು ವಾದಿಸಿದ. ಮರುವರ್ಷವೇ ಗೆಳೆಯನಿಗೆ ಪತ್ರ ಬರೆದು ಆ ಸಿದ್ಧಾಂತದಲ್ಲಿ ತನಗೆ ನಂಬಿಕೆ ಉಳಿದಿಲ್ಲವೆಂದ. ಅದು ವೈಜ್ಞಾನಿಕ ಪ್ರಾಮಾಣಿಕತೆಯೋ ಅಥವಾ ಅಂಜಿಕೆಯೋ ಎಂಬ ಜಗಳ ಇನ್ನೂ ತೀರಿಲ್ಲ. ಪರಿಣಾಮವಂತೂ ಇಷ್ಟು: ಬಾಲ್ಯದ ಇಂಥ ನೆನಪು ಹೇಳಿದವರ ಮಾತನ್ನು ಚಿಕಿತ್ಸಕರು ಬಹುಕಾಲ ಮನಸ್ಸಿನ ಕಲ್ಪನೆಯೆಂದೇ ಬಗೆದರು.

ಮನೋವೈದ್ಯರು ನಂಬದ್ದನ್ನು ಕೊನೆಗೆ ಎಕ್ಸ್‌ರೇ ನಂಬಿಸಿತು. 1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದ ಕೂಸುಗಳ ಕೈಕಾಲಿನ ಮೂಳೆಗಳೂ ಮುರಿದಿರುವುದನ್ನು ತೋರಿಸಿದ. 1962ರಲ್ಲಿ ಡೆನ್ವರ್‌ನ ಮಕ್ಕಳ ತಜ್ಞ ಹೆನ್ರಿ ಕೆಂಪ್ ಮತ್ತು ಸಂಗಡಿಗರು 71 ಆಸ್ಪತ್ರೆಗಳಿಂದ 302 ಪ್ರಕರಣಗಳನ್ನು ಕಲೆಹಾಕಿ ‘ಏಟು ತಿಂದ ಮಗುವಿನ ಲಕ್ಷಣಾವಳಿ’ ಎಂದು ಹೆಸರಿಟ್ಟು ಪ್ರಕಟಿಸಿದರು. ಅವುಗಳಲ್ಲಿ 33 ಮಕ್ಕಳು ಸತ್ತಿದ್ದವು. ಕಾನೂನುಗಳು ಇಷ್ಟು ಬೇಗ ಬಂದ ಉದಾಹರಣೆ ಅಪರೂಪ. 1967ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ವರದಿ ಮಾಡುವುದನ್ನು ಕಡ್ಡಾಯಗೊಳಿಸುವ ಶಾಸನವಿತ್ತು.

ಎಲ್ಲರೂ ಈ ದಾರಿ ಹಿಡಿಯಲಿಲ್ಲ. ನೆದರ್ಲೆಂಡ್ಸ್ 1972ರಲ್ಲಿ ‘ನಂಬಿಕೆಯ ವೈದ್ಯ’ ಎಂಬ ಪದ್ಧತಿ ತಂದಿತು. ಅನುಮಾನ ಬಂದವರು ಪೊಲೀಸರ ಬದಲು ಈ ವೈದ್ಯನಿಗೆ ತಿಳಿಸುವುದು, ಅವನು ಕುಟುಂಬದೊಡನೆ ಮಾತಾಡಿ ದಾರಿ ಹುಡುಕುವುದು. ಪೊಲೀಸರೆಂದರೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ವೈದ್ಯನೆಂದರೆ ಬರುತ್ತಾರೆ ಎಂಬುದು ಅಲ್ಲಿನ ತರ್ಕ. ಇಂಗ್ಲೆಂಡಿನಲ್ಲಿ 1987ರಲ್ಲಿ ನಡೆದದ್ದು ಬೇರೆಯೇ ಪಾಠ. ಕ್ಲೀವ್‌ಲ್ಯಾಂಡ್ ಜಿಲ್ಲೆಯ ಇಬ್ಬರು ಮಕ್ಕಳ ತಜ್ಞರು ಕೆಲವೇ ತಿಂಗಳಲ್ಲಿ 121 ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ನಿರ್ಣಯಿಸಿದರು. ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಲಾಯಿತು. ದೊಡ್ಡ ಗದ್ದಲವೆದ್ದು ವಿಚಾರಣಾ ಆಯೋಗ ಕುಳಿತಿತು. ಬಹುಪಾಲು ಮಕ್ಕಳು ಕೊನೆಗೆ ಮನೆಗೆ ಮರಳಿದರು. ಮಗುವನ್ನು ಒಬ್ಬ ವ್ಯಕ್ತಿಯೆಂದು ನೋಡಬೇಕೇ ಹೊರತು ಆತಂಕದ ವಸ್ತುವೆಂದಲ್ಲ ಎಂಬ ತಿಳಿವು 1988ರ ಆ ಆಯೋಗದ ವರದಿಯಿಂದ ಉಳಿಯಿತು.

ನಮ್ಮಲ್ಲಿ ಬಂದ ಬಗೆ

ಭಾರತದಲ್ಲಿ 2012ರವರೆಗೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆಂದೇ ರಾಷ್ಟ್ರಮಟ್ಟದ ಪ್ರತ್ಯೇಕ ಕಾನೂನು ಇರಲಿಲ್ಲ. ಗೋವಾ ಮಾತ್ರ 2003ರಲ್ಲಿ ತನ್ನದೇ ಮಕ್ಕಳ ಕಾಯ್ದೆ ಮಾಡಿಕೊಂಡಿತ್ತು. ಉಳಿದೆಡೆ ದಂಡ ಸಂಹಿತೆಯ ಕೆಲವು ಸೆಕ್ಷನ್‌ಗಳೇ ಗತಿ, ಗಂಡುಮಕ್ಕಳಿಗಂತೂ ಅವೂ ಸರಿಯಾಗಿ ಅನ್ವಯಿಸುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ‘ಸಂವಾದ’ ಸಂಸ್ಥೆ ವಿದ್ಯಾರ್ಥಿನಿಯರ ನಡುವೆ ಸಮೀಕ್ಷೆ ನಡೆಸಿ ಈ ವಿಷಯವನ್ನು ಹೊರಗೆಡವಿದಾಗ, ನಮ್ಮ ಸಂಸಾರಗಳಲ್ಲೂ ಹೀಗುಂಟೇ ಎಂದು ಹುಬ್ಬೇರಿಸಿದವರೇ ಹೆಚ್ಚು. 2007ರಲ್ಲಿ ಕೇಂದ್ರ ಸರ್ಕಾರವೇ ಹದಿಮೂರು ರಾಜ್ಯಗಳಲ್ಲಿ 12,447 ಮಕ್ಕಳನ್ನು ಕೇಳಿ ವರದಿ ತಂದಿತು. ನೂರಕ್ಕೆ ಐವತ್ಮೂರು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು, ಬಹುತೇಕ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಆ ಹದಿಮೂರರಲ್ಲಿ ಕರ್ನಾಟಕ ಇರಲಿಲ್ಲ. ನಾವು ಅದರಿಂದ ನೆಮ್ಮದಿ ಪಡಬೇಕಾದ್ದೇನೂ ಇಲ್ಲ.

ಕಾಯ್ದೆ ಬಂದ ಮೇಲೂ ವರದಿ ಮಾಡುವ ಹೊಣೆ ಕಾಗದದ ಮೇಲೇ ಇದೆಯೆಂದು ಹಲವರು ಭಾವಿಸಿದ್ದರು. 2014ರ ಜುಲೈಯಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ಅತ್ಯಾಚಾರವಾಯಿತೆಂಬ ದೂರಿಗೆ ಪೋಷಕರು ಬೀದಿಗಿಳಿದಾಗ, ವಿಷಯ ಮುಚ್ಚಿಟ್ಟ ಆರೋಪದ ಮೇಲೆ ಶಾಲೆಯ ಮುಖ್ಯಸ್ಥರ ಬಂಧನವೂ ಆಯಿತು. ವೈದ್ಯರ ಮಟ್ಟಿಗೆ ಸಂಶಯ ಕಳೆದದ್ದು 2022ರ ನವೆಂಬರ್ 2ರಂದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ವಿದ್ಯಾರ್ಥಿನಿಲಯವೊಂದರ ಆದಿವಾಸಿ ಬಾಲಕಿಯರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ದೌರ್ಜನ್ಯದ ಸಂಗತಿ ತಿಳಿದೂ ತಿಳಿಸಲಿಲ್ಲವೆಂಬ ಮೊಕದ್ದಮೆ ಅದು. ಹೈಕೋರ್ಟ್ ಅವರ ವಿರುದ್ಧದ ಪ್ರಕರಣವನ್ನು ರದ್ದುಮಾಡಿತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿ, ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧವೆಂದು ಹೇಳಿತು.

ಮೂರು ತಾಲ್ಲೂಕುಗಳ ಲೆಕ್ಕ

ಇಷ್ಟೆಲ್ಲ ಬೆಂಗಳೂರು, ದೆಹಲಿಯ ಮಾತಾಯಿತು. ಬೀರೂರು ಜಂಕ್ಷನ್ನಿನ ಆಚೀಚೆ ಹರಡಿಕೊಂಡ ನಮ್ಮ ಸೀಮೆಯಲ್ಲಿ ‘ಚಿಕಿತ್ಸಕ’ ಎಂದರೆ ಯಾರು? ಕಡೂರಿನ ತೆಂಗಿನ ತೋಟದವರಾಗಲಿ, ತರೀಕೆರೆಯ ಅಡಿಕೆಯವರಾಗಲಿ, ಅಜ್ಜಂಪುರದ ಹೊಲದ ಕೂಲಿಯವರಾಗಲಿ, ಮನಸ್ಸಿನ ಬೇನೆಗೆ ಗಂಟೆಗಿಷ್ಟೆಂದು ಹಣ ಕೊಟ್ಟು ಆಪ್ತಸಮಾಲೋಚನೆ ಪಡೆಯುವ ರೂಢಿ ಇಲ್ಲಿಲ್ಲ. ಇರುವುದು ಸರ್ಕಾರದ ವ್ಯವಸ್ಥೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯನ್ನು ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2014ರಲ್ಲಿ ಕರ್ನಾಟಕ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರವನ್ನು ಗೊತ್ತುಮಾಡಿ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸುವ ಏರ್ಪಾಡು ಮಾಡಿತು. ಹದಿಹರೆಯದವರಿಗೆ ‘ಸ್ನೇಹ ಕ್ಲಿನಿಕ್’ಗಳು ಬಂದವು. 2022ರಿಂದ 14416 ಸಂಖ್ಯೆಯ ಟೆಲಿಮನಸ್ ದೂರವಾಣಿ ಸೇವೆ ಇದೆ.

ಆದರೆ ವಾರಕ್ಕೊಮ್ಮೆ ಬಂದುಹೋಗುವ ವೈದ್ಯರಿಗೆ ಬಾಯಿಬಿಡುವ ಮಕ್ಕಳು ಕಡಿಮೆ. ಅವು ಮೊದಲು ಹೇಳಿಕೊಳ್ಳುವುದು ಟೀಚರಿಗೆ, ಹಾಸ್ಟೆಲಿನ ವಾರ್ಡನ್ನಿಗೆ, ಅಂಗನವಾಡಿ ಟೀಚರಮ್ಮನಿಗೆ, ಬಹಳ ಸಲ ಇನ್ನೊಂದು ಮಗುವಿಗೆ. ಇವರಾರಿಗೂ ಇಂಥ ಮಾತು ಕೇಳಿಸಿಕೊಳ್ಳುವ ತರಬೇತಿ ಇಲ್ಲವೆಂದೇ ಹೇಳಬೇಕು. ಇವರೆಲ್ಲ ಅದೇ ಊರಿನವರು ಬೇರೆ. ಆರೋಪಿಯ ತೋಟದ ಪಕ್ಕದಲ್ಲೇ ತನ್ನ ಮನೆಯಿರುವ ಅಂಗನವಾಡಿ ಕಾರ್ಯಕರ್ತೆ ಠಾಣೆಯ ಮೆಟ್ಟಿಲು ಹತ್ತುವುದು, ಬೆಂಗಳೂರಿನ ಸಮಾಲೋಚಕಿ ಫೋನ್ ಮಾಡಿದಷ್ಟು ಸುಲಭವಲ್ಲ. ಅಂಥವರಿಗೆ 1098 ಸಹಾಯವಾಣಿ ಒಂದು ದಾರಿ.

ದೂರದ ಲೆಕ್ಕವೂ ಇದೆ. ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರಿನ ಹೆಸರಿತ್ತು, 1947ರಲ್ಲಿ ಅದು ಚಿಕ್ಕಮಗಳೂರು ಜಿಲ್ಲೆಯಾಯಿತು. ಆಡಳಿತದ ಲೆಕ್ಕದಲ್ಲಿ ಈ ಮೂರು ತಾಲ್ಲೂಕುಗಳು ತರೀಕೆರೆ ಉಪವಿಭಾಗಕ್ಕೆ ಸೇರಿವೆ. ಠಾಣೆ ಹತ್ತಿರವಿದೆ. ಮಕ್ಕಳ ಕಲ್ಯಾಣ ಸಮಿತಿ ಇರುವುದು ಮಾತ್ರ ಜಿಲ್ಲಾ ಕೇಂದ್ರದಲ್ಲಿ. ಕಡೂರಿನಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರ್. ಅಜ್ಜಂಪುರದವರು ಬೀರೂರು, ಕಡೂರು ದಾಟಿ ಅಲ್ಲಿಗೆ ಹೋಗಬೇಕು. ಹೋದ ದಿನದ ಕೂಲಿ ಹೋದಂತೆಯೇ.

ತಿಳಿಸಿದ ಮರುದಿನ

ವರದಿ ಮಾಡುವುದರ ಬಗ್ಗೆ ಇಷ್ಟು ಖಚಿತವಾಗಿರುವ ನಮ್ಮ ಸಮಾಜ, ಮಾಡಿದ ಮರುದಿನ ಆ ಮನೆಯಲ್ಲಿ ಏನಾಗುತ್ತದೆಂಬುದನ್ನು ಹೆಚ್ಚು ಯೋಚಿಸಿದಂತಿಲ್ಲ. ಕಾನೂನಿನಲ್ಲಿ ಇರುವುದನ್ನು ಮೊದಲು ನೋಡೋಣ, ಅದು ಜನ ಅಂಜುವಷ್ಟು ಕಠಿಣವಾಗಿಲ್ಲ.

ಪೊಲೀಸರು ಮಗುವನ್ನು ಠಾಣೆಗೆ ಎಳೆದೊಯ್ಯುವಂತಿಲ್ಲ. ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಕಡೆ, ಸಾಧ್ಯವಾದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಹೇಳಿಕೆ ಬರೆದುಕೊಳ್ಳಬೇಕು, ಸಮವಸ್ತ್ರ ತೊಟ್ಟಿರಬಾರದು. ಹೆಣ್ಣುಮಗುವಿನ ವೈದ್ಯಕೀಯ ತಪಾಸಣೆಯನ್ನು ಮಹಿಳಾ ವೈದ್ಯರೇ ಮಾಡಬೇಕು, ಮಗು ನಂಬುವ ಒಬ್ಬರು ಜೊತೆಗಿರಬೇಕು. ಇಪ್ಪತ್ನಾಲ್ಕು ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವಿಷಯ ಮುಟ್ಟಿಸಬೇಕು. ನ್ಯಾಯಾಲಯದಲ್ಲಿ ಮಗು ಆರೋಪಿಯ ಮುಖ ನೋಡಬೇಕಾಗಿಲ್ಲ. ವಕೀಲರು ನೇರವಾಗಿ ಮಗುವನ್ನು ಪ್ರಶ್ನಿಸದೆ ನ್ಯಾಯಾಧೀಶರ ಮೂಲಕ ಕೇಳಬೇಕು.

ತಾಯಂದಿರ ದೊಡ್ಡ ಭಯ, ಮಗುವನ್ನು ಕಿತ್ತುಕೊಂಡು ಬಾಲಮಂದಿರಕ್ಕೆ ಹಾಕುತ್ತಾರೆ ಎಂಬುದು. 2020ರ ನಿಯಮಗಳ ಪ್ರಕಾರ ಅದು ತಾನಾಗಿ ಆಗುವುದಲ್ಲ. ಆರೋಪಿ ಮಗುವಿನ ಜೊತೆ ಒಂದೇ ಮನೆಯಲ್ಲಿದ್ದರೆ ಸಮಿತಿ ಮೂರು ದಿನದೊಳಗೆ ವಿಚಾರಿಸಿ, ಮಗು ಮನೆಯಲ್ಲೇ ಇರಬಹುದೇ ಎಂದು ನಿರ್ಧರಿಸಬೇಕು. ಹಾಗೆ ನಿರ್ಧರಿಸುವಾಗ ಮಗುವಿನ ಇಷ್ಟವೇನು, ತಾಯಿಗೆ ಕಾಪಾಡುವ ಶಕ್ತಿಯಿದೆಯೇ ಎಂಬುದನ್ನೆಲ್ಲ ನೋಡಬೇಕು. ವ್ಯಾಜ್ಯದ ಉದ್ದಕ್ಕೂ ಜೊತೆಗಿರಲು ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಗೊತ್ತುಮಾಡಬಹುದು. ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ಹಣ ಕೊಡಿಸುವಂತೆ ಸಮಿತಿ ಶಿಫಾರಸು ಮಾಡಬಹುದು. ಶಿಫಾರಸು ತಲುಪಿದ ವಾರದೊಳಗೆ ಆ ಹಣ ಸಿಗಬೇಕು ಎಂದೂ ನಿಯಮವಿದೆ. ಈ ಕೊನೆಯ ಅಂಶವನ್ನು ನಾನು ಒತ್ತಿ ಹೇಳುತ್ತೇನೆ. ಏಕೆಂದರೆ ಜೈಲಿಗೆ ಹೋಗುವವನು ಎಷ್ಟೋ ಸಲ ಮನೆಗೆ ಅಕ್ಕಿ ತರುವವನೇ ಆಗಿರುತ್ತಾನೆ.

ಕಾಗದದಲ್ಲಿ ಇಲ್ಲದ್ದು ಮಿಕ್ಕದ್ದು. ಸೋದರಮಾವ ಜೈಲಿಗೆ ಹೋದ ಮನೆಯಲ್ಲಿ ಅಜ್ಜಿ ಮಗಳೊಡನೆ ಮಾತು ಬಿಡುತ್ತಾಳೆ. ತವರಿನ ಬಾಗಿಲು ಮುಚ್ಚುತ್ತದೆ. ಗಂಡನ ಮನೆಯವರು, ‘ನಿನ್ನ ಕಡೆಯವರಿಂದಲೇ ಆದದ್ದು’ ಎಂದು ತಾಯಿಯನ್ನೇ ದೂರುತ್ತಾರೆ. ಊರ ಹಿರಿಯರು ರಾಜಿಗೆ ಬರುತ್ತಾರೆ. ಪೋಕ್ಸೊ ಅಪರಾಧವನ್ನು ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಹಾಗಾಗಿ ರಾಜಿಯ ಇನ್ನೊಂದು ಹೆಸರು ಸಾಕ್ಷಿ ತಿರುಗುವುದು. ಮಗು ಕಟಕಟೆಯಲ್ಲಿ ‘ಏನೂ ಆಗಿಲ್ಲ’ ಎನ್ನುತ್ತದೆ. ಸಂಜ್ಞೇಯತೆಯಿಂದ ವರ್ಷದೊಳಗೆ ಸಾಧ್ಯವಾದಷ್ಟೂ ವಿಚಾರಣೆ ಮುಗಿಯಬೇಕೆಂದು ಕಾಯ್ದೆ ಹೇಳಿದರೂ ವಿಳಂಬವಾಗುವುದುಂಟು. ಅಷ್ಟು ಕಾಲ ಒಂದು ಹುಡುಗಿ ತನ್ನ ಮನೆಯವರ ಸಿಟ್ಟಿನ ಎದುರು ಒಂದೇ ಮಾತಿಗೆ ಅಂಟಿಕೊಂಡಿರಬೇಕೆಂದು ನಿರೀಕ್ಷಿಸುವುದು ದೊಡ್ಡವರಿಗೂ ಹೆಚ್ಚಾದ ನಿರೀಕ್ಷೆ.

ನಮ್ಮ ವೃತ್ತಿಯ ತಪ್ಪನ್ನೂ ಇಲ್ಲಿ ಹೇಳಬೇಕು. ಮಗುವಿನ ಹೆಸರು, ವಿಳಾಸ, ಚಿತ್ರ ಮಾತ್ರವಲ್ಲ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಬರೆಯಬಾರದೆಂದು 23ನೆಯ ಸೆಕ್ಷನ್ ಹೇಳುತ್ತದೆ. ಆದರೂ ‘ಇಂಥ ಹೋಬಳಿಯ ಇಂಥ ಗ್ರಾಮದ ಏಳನೆಯ ತರಗತಿ ಬಾಲಕಿ’ ಎಂದು ಬರೆದುಬಿಡುವುದುಂಟು. ಇನ್ನೂರು ಮನೆಯ ಊರಿನಲ್ಲಿ ಅಷ್ಟು ಸಾಕು.

ಅಪರಾಧವಲ್ಲವೆಂದು ಜನ ತಿಳಿದದ್ದು

ಕಡ್ಡಾಯ ವರದಿಯ ಅತಿ ಜಟಿಲವಾದ ಮುಖ ಹೆರಿಗೆ ವಾರ್ಡಿನಲ್ಲಿದೆ. ಹದಿನೇಳರ ಹುಡುಗಿ ಗರ್ಭಿಣಿಯಾಗಿ ತಾಯಿ ಕಾರ್ಡು ಮಾಡಿಸಲು ಬರುತ್ತಾಳೆ. ಮದುವೆಯಾಗಿದೆ, ಅಥವಾ ಇಬ್ಬರೂ ಪ್ರೀತಿಸಿ ಓಡಿಹೋಗಿದ್ದಾರೆ. ಮನೆಯವರ ಕಣ್ಣಲ್ಲಿ ಇದು ಸಂಸಾರ. ಆದರೆ ಹದಿನೆಂಟರೊಳಗಿನ ಹೆಂಡತಿಯ ವಿಷಯದಲ್ಲಿ ಗಂಡನಿಗಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2017ರ ಅಕ್ಟೋಬರಿನಲ್ಲೇ ತೆಗೆದುಹಾಕಿದೆ. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಹೀಗಾಗಿ ದಾದಿ ವಯಸ್ಸು ಬರೆದುಕೊಂಡ ಕ್ಷಣದಿಂದ ವರದಿಯ ಹೊಣೆ ಶುರು. ಹುಡುಗ ಜೈಲಿಗೆ, ಹುಡುಗಿ ಹಸುಗೂಸಿನೊಡನೆ ತವರಿಗೋ ಬಾಲಮಂದಿರಕ್ಕೋ. ಇದಕ್ಕೆ ಹೆದರಿ ಆಸ್ಪತ್ರೆಗೇ ಬಾರದೆ ಉಳಿಯುವ ಹುಡುಗಿಯರ ಗತಿಯೇನು?

ನ್ಯಾಯಾಲಯಗಳಿಗೂ ಇದು ತಿಳಿಯದ್ದಲ್ಲ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬರುವ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ ವೈದ್ಯರು ವರದಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಾಗಿಲ್ಲವೆಂದಿತು. ಅದೇ ವರ್ಷ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಹದಿನಾರು ದಾಟಿದ ಹುಡುಗಿಯರು ಒಲಿದು ಹೋದ ಪ್ರಕರಣಗಳನ್ನು ಕಂಡು, ವಯಸ್ಸಿನ ಮಿತಿಯನ್ನು ಕಾನೂನು ಆಯೋಗ ಮರುಚಿಂತಿಸಬೇಕೆಂದಿತು. ಆಯೋಗ 2023ರ ತನ್ನ 283ನೆಯ ವರದಿಯಲ್ಲಿ ಹದಿನೆಂಟನ್ನು ಇಳಿಸುವುದು ಬೇಡವೆಂದಿತು, ಆದರೆ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ಒಂದಿಷ್ಟು ವಿವೇಚನೆ ಇರಲಿ ಎಂದು ಸೂಚಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಮಗುವನ್ನು ಹಿಂಸಿಸಿದ ಸೋದರಮಾವನಿಗೂ ಹತ್ತೊಂಬತ್ತರ ಆ ಹುಡುಗನಿಗೂ ಒಂದೇ ಬಾಗಿಲು ತೋರಿಸುವ ಕಾನೂನಿನಲ್ಲಿ ಏನೋ ಬಿಟ್ಟುಹೋಗಿದೆ. ಆದರೆ ವಯಸ್ಸು ಇಳಿಸಿದರೆ ಬಾಲ್ಯವಿವಾಹ ಮಾಡಿಸುವವರಿಗೇ ಅನುಕೂಲವಾದೀತು ಎಂಬ ವಾದವನ್ನೂ ತಳ್ಳಿಹಾಕಲಾರೆ.

ಇನ್ನೊಂದು ಪ್ರಶ್ನೆ ದೊಡ್ಡವರಾದ ಮೇಲೆ ಹೇಳಿಕೊಳ್ಳುವವರದ್ದು. ಮೂವತ್ತರ ಗೃಹಿಣಿ ನಿದ್ದೆ ಬಾರದೆಂದು ಬಂದು, ಎಂಟನೆಯ ವಯಸ್ಸಿನಲ್ಲಿ ನಡೆದದ್ದನ್ನು ಹೇಳಿದರೆ? ಪೋಕ್ಸೊ ಜಾರಿಗೆ ಬರುವ ಮುಂಚಿನ ಘಟನೆಗೆ ಆ ಕಾಯ್ದೆಯ ಅಪರಾಧಗಳು ಅನ್ವಯಿಸುವುದಿಲ್ಲ. ನಂತರದ್ದಾದರೆ ತಡವಾಯಿತೆಂಬ ಕಾರಣಕ್ಕೆ ದೂರು ಕೊಡಲು ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಈಗ ವಯಸ್ಕಳಾಗಿರುವ ಅವಳು ಬೇಡವೆಂದರೂ ಚಿಕಿತ್ಸಕರು ತಿಳಿಸಬೇಕೇ? ಅಕ್ಷರಶಃ ಓದಿದರೆ ಹೌದು ಎನ್ನುವವರಿದ್ದಾರೆ, ಅದು ಅವಳ ಮೇಲೆ ಎರಡನೆಯ ಬಲಾತ್ಕಾರವಾದೀತು ಎನ್ನುವವರೂ ಇದ್ದಾರೆ. ಅದೇ ಮನುಷ್ಯನ ಕೈಯಳತೆಯಲ್ಲಿ ಇವತ್ತು ಬೇರೆ ಮಗುವಿದೆಯೇ ಎಂಬುದನ್ನು ಮೊದಲು ಕೇಳಬೇಕು ಎಂಬಲ್ಲಿ ಮಾತ್ರ ಎರಡೂ ಕಡೆಯವರು ಒಪ್ಪಿಯಾರು.

ಮತ್ತೆ ಆ ತಾಲ್ಲೂಕು ಆಸ್ಪತ್ರೆಯ ಕೋಣೆಗೆ ಬರೋಣ. ವೈದ್ಯರು ಎಡವಿದ್ದು ಪೊಲೀಸರಿಗೆ ತಿಳಿಸಿದ್ದರಲ್ಲಿ ಅಲ್ಲ, ‘ನಮ್ಮಿಬ್ಬರಲ್ಲೇ ಇರುತ್ತೆ’ ಎಂದದ್ದರಲ್ಲಿ. ಮಕ್ಕಳೊಡನೆ ಕೆಲಸ ಮ���ಡಿ ನುರಿತವರು ಆ ಮಾತನ್ನು ಆಡುವುದಿಲ್ಲ. ‘ನೀನು ಹೇಳೋದನ್ನ ನಾನು ಎಲ್ಲರಿಗೂ ಹೇಳಲ್ಲ. ಆದರೆ ನಿನಗೆ ಯಾರಾದರೂ ನೋವು ಮಾಡ್ತಿದ್ದಾರೆ ಅಂತ ಗೊತ್ತಾದ್ರೆ, ಅದನ್ನ ನಿಲ್ಲಿಸೋಕೆ ಇನ್ನೊಬ್ಬರಿಗೆ ಹೇಳಲೇಬೇಕು. ಯಾರಿಗೆ ಹೇಳ್ತೀನಿ, ಯಾವಾಗ ಹೇಳ್ತೀನಿ ಅಂತ ಮೊದಲು ನಿನಗೇ ತಿಳಿಸ್ತೀನಿ’ ಎಂದು ಆರಂಭದಲ್ಲೇ ಹೇಳಿಬಿಡುತ್ತಾರೆ. ಕೆಲವು ಮಕ್ಕಳು ಇದನ್ನು ಕೇಳಿ ಆ ದಿನ ಏನೂ ಹೇಳದೆ ಎದ್ದುಹೋಗುತ್ತವೆ. ಮುಂದಿನ ವಾರ ಬರುವ ಮಕ್ಕಳೂ ಇರುತ್ತವೆ. ತಾಯಿಯನ್ನು ಒಳಗೆ ಕರೆದು, ಮುಂದಿನ ಇಪ್ಪತ್ನಾಲ್ಕು ಗಂಟೆಯಲ್ಲಿ ಏನಾಗುತ್ತದೆ, ಮೂರು ದಿನದಲ್ಲಿ ಏನಾಗುತ್ತದೆ, ಬಸ್ ಚಾರ್ಜಿಗೆ ಯಾರನ್ನು ಕೇಳಬೇಕು, ರಾತ್ರಿ ಹುಡುಗಿ ಎಲ್ಲಿ ಮಲಗಬೇಕು ಎಂಬುದನ್ನು ಬಿಡಿಬಿಡಿಯಾಗಿ ಹೇಳುವುದಕ್ಕೆ ಅರ್ಧ ಗಂಟೆ ಬೇಕು. ಅಷ್ಟು ಹೊತ್ತಿಗೆ ಹೊರಗಿನ ಬೆಂಚಿನಲ್ಲಿ ಇನ್ನೂ ಮೂವತ್ತು ಮಂದಿ ಚೀಟಿ ಹಿಡಿದು ಕೂತಿರುತ್ತಾರೆ.